ಹತ್ತನೆಯ ಗಳಿಗೆ ಬಟ್ಟಲು

ತಂತಿ ಬಂದಾಗ ನಾನು ಒನಕೆ ಹಿಡಿದು ಮಗಳ ಮದುವೆಯ ಅರಿಷಿಣ ಕುಟ್ಟುತ್ತಿದ್ದೆ. ಕೈ ಮೊಣಕೈತನಕ ಹಳದಿಯಾಗಿತ್ತು. ಆ ಕಾಲದಲ್ಲಿ ತಂತಿ ಎಂದರೆ ಸಾಕು, ಓದುವ ಮೊದಲೇ ಹೆಂಗಸರು ಸೆರಗನ್ನು ಬಾಯಿಗಿಟ್ಟುಕೊಳ್ಳುತ್ತಿದ್ದರು. ನಮ್ಮ ಮುಖ ನೋಡಿ ತಂದವನಿಗೇ ಕನಿಕರ ಬಂತೇನೋ, ಕೆಟ್ಟ ಸುದ್ದಿಯಲ್ಲ ತಾಯಿ ಎಂದು ಮರಾಠಿಯಲ್ಲಿ ಮೊದಲೇ ಹೇಳಿಬಿಟ್ಟ. ಮಗಳು ವತ್ಸಲೆಗೆ ಇಂಗ್ಲಿಷ್ ಬರುತ್ತಿತ್ತು. ಓದಿ ಕುಣಿದಳು. ಕರಾಚಿಯಲ್ಲಿದ್ದ ನನ್ನ ತಮ್ಮ ಶೀನುವಿಗೆ ಕಡೆಗೂ ರಜೆ ಸಿಕ್ಕಿತ್ತು. ಮದುವೆಯ ದಿನವೇ ಬೆಳಿಗ್ಗೆ ಏಳಕ್ಕೆ ವಿಮಾನದಲ್ಲಿ ಹೊರಟು ಮುಂಬಯಿಗೆ ಇಳಿಯುತ್ತೇನೆ, ಸಂಜೆಯ ಮುಹೂರ್ತಕ್ಕೆ ಪುಣೆಯಲ್ಲಿರುತ್ತೇನೆ ಎಂದು ಬರೆಸಿದ್ದ. ನಾನು ಕಾಗದ ಇಸಿದುಕೊಂಡು ನೋಡಿದೆ. ಅಕ್ಷರ ತಿಳಿಯಲಿಲ್ಲ, ಆದರೆ ನನ್ನ ಬೆರಳಿನ ನಾಲ್ಕು ಹಳದಿ ಗುರುತು ಅದರ ಮೇಲೆ ಕೂತವು. ಲಗ್ನಪತ್ರಿಕೆಯ ಮೂಲೆಗೆ ಅರಿಷಿಣ ಹಚ್ಚಿದ ಹಾಗಾಯಿತು, ಒಳ್ಳೆಯದೇ ಎಂದುಕೊಂಡು ದೇವರ ಮುಂದೆ ಇಟ್ಟೆ.

ಮೊದಲೇ ಹೇಳಿಬಿಡುತ್ತೇನೆ. ನಾನು ದೇವರನ್ನು ನಂಬಿದವಳು, ಆದರೆ ಪವಾಡದ ಕತೆಗಳನ್ನು ನಂಬಿದವಳಲ್ಲ. ಯಾರದೋ ಮನೆಯಲ್ಲಿ ವಿಗ್ರಹ ಬೆವರಿತಂತೆ, ಯಾರಿಗೋ ಸತ್ತ ಅತ್ತೆ ಬಂದು ಉಪ್ಪಿನಕಾಯಿ ಕೇಳಿದಳಂತೆ ಎಂದು ಹೆಂಗಸರು ಹೇಳುವಾಗ ನಾನು ತಲೆಯಾಡಿಸುತ್ತ ಬತ್ತಿ ಹೊಸೆಯುತ್ತಿದ್ದೆ, ಅಷ್ಟೆ. ಹಾಲು ಒಡೆಯದೆ ಕಾದರೆ, ಹೆರಿಗೆ ಸುಸೂತ್ರವಾದರೆ, ಸಾಲದೆಂದುಕೊಂಡ ಸಕ್ಕರೆ ಹಬ್ಬ ಮುಗಿಯುವತನಕ ಬಂದರೆ, ಅದೇ ನನಗೆ ದೇವರ ಕೃಪೆ. ಅದಕ್ಕಿಂತ ದೊಡ್ಡದನ್ನು ನಾನು ಕೇಳಿದವಳೂ ಅಲ್ಲ, ನೋಡಿದವಳೂ ಅಲ್ಲ. ಆ ಒಂದು ದಿನದ ಹೊರತು.

ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು, ಕರಾಚಿ ಇನ್ನೂ ನಮ್ಮ ದೇಶದಲ್ಲೇ ಇತ್ತು. ನಾವು ಸದಾಶಿವ ಪೇಠೆಯಲ್ಲಿ ಹತ್ತಾರು ಬಾಡಿಗೆ ಮನೆಗಳ ಒಂದು ವಾಡೆಯಲ್ಲಿದ್ದೆವು. ನಮ್ಮವರು ಹವಾಮಾನದ ಕಚೇರಿಯಲ್ಲಿ ಕೆಲಸಕ್ಕಿದ್ದರು. ಮೇಲೆ ಗಾಳಿ ಎತ್ತ ಬೀಸುತ್ತದೆ, ಎಷ್ಟು ಜೋರಾಗಿ ಬೀಸುತ್ತದೆ ಎಂದು ಬಲೂನು ಹಾರಿಸಿ ಅಳೆಯುವ ಕೆಲಸ. ಧಾರವಾಡದ ಕಡೆಯ ನಮ್ಮ ಬಳಗದಲ್ಲಿ ಗಾಳಿಯನ್ನು ಅಳೆದು ಸಂಬಳ ತರುವವರು ಇವರೊಬ್ಬರೇ ಎಂದು ನಮ್ಮ ಗಂಗತ್ತೆ ಹಾಸ್ಯ ಮಾಡುತ್ತಿದ್ದಳು. ಗಂಗತ್ತೆ ಎಂದರೆ ಇವರ ತಂದೆಯ ತಂಗಿ. ಮದುವೆಗೆಂದು ತಿಂಗಳು ಮೊದಲೇ ಬಂದು ಅಡಿಗೆಮನೆಯ ಯಜಮಾನಿಕೆ ಹಿಡಿದಿದ್ದಳು.

ಶೀನು ಬರಲೇಬೇಕು ಎಂಬುದಕ್ಕೆ ಕಾರಣವಿತ್ತು. ನಮ್ಮ ತಾಯಿ ಹೋದಾಗ ಅವನಿಗೆ ಐದು ವರ್ಷ. ನನ್ನ ಮದುವೆಯಾಗಿತ್ತು, ಅವನು ನನ್ನ ಜೊತೆ ಪುಣೆಗೆ ಬಂದ. ವತ್ಸಲೆ ಹುಟ್ಟಿದ ಮೇಲೆ ಅವಳನ್ನು ಸೊಂಟದ ಮೇಲೆ ಹೊತ್ತು ಓಣಿಯೆಲ್ಲ ತಿರುಗಿಸಿದವನು ಅವನೇ. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಎತ್ತಿಕೊಂಡು ಬರುವವನು ಸೋದರಮಾವ. ರಜೆ ಸಿಗಲಿಲ್ಲ ಎಂದು ಶೀನು ಮೊದಲು ಬರೆದಾಗ, ಬೀಗರು ಒಳ್ಳೆಯ ಮಾತಿನಲ್ಲೇ, ದೂರದ ಸಂಬಂಧದ ಮಾವ ಯಾರಾದರೂ ಎತ್ತಿದರಾಯಿತು ಎಂದರು.  ಆ ರಾತ್ರಿ ವತ್ಸಲೆ ನನ್ನ ಪಕ್ಕ ಮಲಗಿ, ಶೀನುಮಾಮಾ ಇಲ್ಲದಿದ್ದರೆ ನಾನು ನಡೆದುಕೊಂಡೇ ಬರುತ್ತೇನೆ, ಬೇರೆಯವರ ಕೈ ಬೇಡ ಎಂದಳು. ತಾಯಿಯಾದವಳಿಗೆ ಅದು ಚುಚ್ಚದೆ ಇರುತ್ತದೆಯೇ? ಹಡಗಿನಲ್ಲೋ ರೈಲಿನಲ್ಲೋ ಬರುವಷ್ಟು ದಿನ ಉಳಿದಿರಲಿಲ್ಲ. ಅವನ ಸಾಹೇಬರಿಗೆಂದು ಹಿಡಿದಿಟ್ಟ ವಿಮಾನದ ಆಸನ ಖಾಲಿ ಉಳಿದು ಇವನ ಪಾಲಿಗೆ ಬಂತು. ಇದು ಒಂದನೆಯ ಕೃಪೆ ಎಂದು ನಾನು ಮನಸ್ಸಿನಲ್ಲೇ ಎಣಿಸಿಕೊಂಡೆ.

ಆ ಸಂಜೆ ನಮ್ಮವರು ಭೂಪಟ ಬಿಡಿಸಿ ಕೂತರು. ದೇವರಮನೆಯ ಕೆಂಪು ದಾರ ಇಸಿದುಕೊಂಡು ಒಂದು ತುದಿ ಕರಾಚಿಯ ಮೇಲೆ, ಇನ್ನೊಂದು ತುದಿ ಮುಂಬಯಿಯ ಜುಹು ವಿಮಾನ ನಿಲ್ದಾಣದ ಮೇಲೆ ಹಿಡಿದರು. ರೈಲು ಮರುಭೂಮಿ ಸುತ್ತಿ ಬರುತ್ತದೆ, ವಿಮಾನಕ್ಕೆ ಸುತ್ತಿಲ್ಲ, ದಾರ ಎಳೆದ ಹಾಗೆ ನೇರ, ಐನೂರೈವತ್ತು ಮೈಲು ಎಂದು ವಿವರಿಸಿದರು. ತಾಸಿಗೆ ನೂರೈವತ್ತು ಮೈಲಿನಂತೆ ಹಿಡಿದು, ಏರುವುದಕ್ಕೆ ಇಳಿಯುವುದಕ್ಕೆ ಒಂದಿಷ್ಟು ಸೇರಿಸಿ, ಒಟ್ಟು ನಾಲ್ಕು ತಾಸು ಎಂದರು. ಹನ್ನೊಂದಕ್ಕೆ ಇಳಿದರೆ ಮಧ್ಯಾಹ್ನದ ಗಾಡಿ ಹಿಡಿದು ಐದರ ಮೇಲೆ ಪುಣೆ. ಆ ಗಾಡಿ ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ರಾತ್ರಿ. ಮುಹೂರ್ತ ಗೋಧೂಳಿಯದು.

ಗಂಗತ್ತೆ ಭೂಪಟವನ್ನು ಬಗ್ಗಿ ನೋಡಿದಳು. "ದಾರಿ ತುಂಬ ನೀಲಿ ಬಣ್ಣ ಅದಲ್ಲೋ, ಅದೇನು?"

"ಸಮುದ್ರ, ಅತ್ತಿ. ಕಾಠಿಯಾವಾಡ ದಾಟಿದ ಮ್ಯಾಲೆ ಎಲ್ಲಾ ಸಮುದ್ರನ."

ಅವರು ಸಹಜವಾಗಿ ಹೇಳಿದರು. ನನ್ನ ಎದೆಯಲ್ಲಿ ಆ ನೀಲಿ ಹಾಗೇ ಉಳಿಯಿತು.

ಇನ್ನು ಬಟ್ಟಲಿನ ವಿಷಯ. ನನ್ನ ತಂದೆ ಊರಿನಲ್ಲಿ ಜೋಯಿಸರು. ಮುಹೂರ್ತ ನೋಡಲು ಅವರ ಹತ್ತಿರ ಒಂದು ಗಳಿಗೆ ಬಟ್ಟಲು ಇತ್ತು. ತಾಮ್ರದ ತೆಳ್ಳನೆಯ ಬಟ್ಟಲು, ತಳದಲ್ಲಿ ಸೂಜಿಯ ಮೊನೆಯಷ್ಟು ತೂತು. ಅಗಲವಾದ ಪಾತ್ರೆಯ ನೀರಿನ ಮೇಲೆ ಅದನ್ನು ತೇಲಿಬಿಟ್ಟರೆ ತೂತಿನಿಂದ ನೀರು ಏರುತ್ತ ಏರುತ್ತ ಒಂದು ಗಳಿಗೆಗೆ, ಅಂದರೆ ಸರಿಯಾಗಿ ಇಪ್ಪತ್ತನಾಲ್ಕು ನಿಮಿಷಕ್ಕೆ, ಬುಳಕ್ಕನೆ ಮುಳುಗುತ್ತಿತ್ತು. ಚಿಕ್ಕಂದಿನಲ್ಲಿ ಅದರ ಪಕ್ಕ ಕೂತು, ಮುಳುಗಿದೊಡನೆ ಎತ್ತಿ ಬರಿದುಮಾಡಿ ಮತ್ತೆ ಬಿಡುವ ಕೆಲಸ ನನ್ನದಾಗಿತ್ತು. ತಂದೆಯವರ ಕಟ್ಟಪ್ಪಣೆ ಒಂದೇ: ಬಿಟ್ಟ ಬಟ್ಟಲನ್ನು ಮುಳುಗುವತನಕ ಮುಟ್ಟಬಾರದು. ಅವರು ತೀರಿಕೊಂಡ ಮೇಲೆ ಬಟ್ಟಲು ನನ್ನ ಜೊತೆ ಪುಣೆಗೆ ಬಂತು. ವತ್ಸಲೆಯ ಮುಹೂರ್ತವನ್ನೂ ಅದರಿಂದಲೇ ನೋಡಬೇಕೆಂದು ನಮ್ಮ ಪುರೋಹಿತರಿಗೆ ಹೇಳಿಟ್ಟಿದ್ದೆ.

ಮದುವೆಯ ದಿನ ಬೆಳಿಗ್ಗೆ ನಾನು ಮಡಿಯಲ್ಲಿದ್ದೆ. ಗಡಿಯಾರ ಹೊರಗಿನ ಪಡಸಾಲೆಯಲ್ಲಿ, ಅಲ್ಲಿ ಬೀಗರು. ಮಡಿ ಬಿಟ್ಟು ಮತ್ತೆ ಮತ್ತೆ ಹೋಗಿ ನೋಡುವ ಹಾಗಿಲ್ಲ, ನೋಡದೆ ಇರಲು ಮನಸ್ಸು ಬಿಡದು. ನಾಲ್ಕು ತಾಸು ಎಂದರೆ ಹತ್ತು ಗಳಿಗೆ ಎಂದು ಥಟ್ಟನೆ ಹೊಳೆಯಿತು. ಅಡಿಗೆಮನೆಯ ಮೂಲೆಯಲ್ಲಿ ದೊಡ್ಡ ತಾಮ್ರದ ಪಾತ್ರೆಗೆ ನೀರು ತುಂಬಿಸಿ, ಹೊರಗೆ ಏಳು ಹೊಡೆದ ಸದ್ದಿಗೆ ಬಟ್ಟಲು ಬಿಟ್ಟೆ. ಒಮ್ಮೆ ಮುಳುಗಿದರೆ ಒಂದು ಅಡಿಕೆ ಪಕ್ಕಕ್ಕೆ. ಒಂದು ಅಡಿಕೆಗೆ ಶೀನು ಅಷ್ಟು ಹತ್ತಿರ ಬಂದ ಹಾಗೆ. ನಡುವೆ ನನ್ನ ಕೆಲಸ ನಡೆದೇ ಇತ್ತು, ಹೂರಣ ರುಬ್ಬಿಸುವುದು, ಕೋಸಂಬರಿಗೆ ಬೇಳೆ ಬಸಿಯುವುದು. ಗಂಗತ್ತೆಗೆ ಇದು ಭಾರಿ ಮೋಜಿನ ವಿಷಯವಾಯಿತು. ಬಟ್ಟಲು ಮುಳುಗಿದಾಗಲೆಲ್ಲ, ಈಗ ನಿನ್ನ ತಮ್ಮ ಯಾವ ಊರ ಮೇಲಿದ್ದಾನೆ, ಅಲ್ಲಿಯವರು ತಲೆ ಎತ್ತಿ ನಮಸ್ಕಾರ ಮಾಡುತ್ತಿದ್ದಾರೇನು ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ಒಂಬತ್ತು ಅಡಿಕೆ ಸಾಲಾಗಿ ಕೂತವು. ಒಂಬತ್ತು ಸಲವೂ ಬಟ್ಟಲು ಹೆಚ್ಚುಕಡಿಮೆ ಮಾಡಲಿಲ್ಲ.

ಹತ್ತನೆಯದನ್ನು ಬಿಟ್ಟೆ. ಒಬ್ಬಟ್ಟಿನ ಮೊದಲ ಹೆಂಚು ಕಾದಿತ್ತು, ಅತ್ತ ತಿರುಗಿದೆ. ಹೊರಗೆ ಹನ್ನೊಂದು ಹೊಡೆಯಿತು. ಈಗ ಮುಳುಗುತ್ತದೆ ಎಂದು ತಿರುಗಿ ನೋಡಿದೆ. ಬಟ್ಟಲು ತೇಲುತ್ತಿತ್ತು. ಅದರೊಳಗೆ ನೀರು ಅಂಚಿಗೆ ಒಂದು ಬೆರಳಿನಷ್ಟು ಕೆಳಗೆ ನಿಂತಿತ್ತು. ನಾಲ್ಕು ಒಬ್ಬಟ್ಟು ಬೇಯಿಸಿ ಮತ್ತೆ ನೋಡಿದೆ. ಅಷ್ಟೇ ನೀರು. ಅಲುಗಾಟವಿಲ್ಲ, ಏರುವುದೂ ಇಲ್ಲ. ಹತ್ತು ಒಬ್ಬಟ್ಟಾಯಿತು, ಹದಿನೈದಾಯಿತು. ಒಂದು ಬೆರಳು ಹಾಗೇ ಇತ್ತು.

ಗಂಗತ್ತೆಯೂ ಬಂದು ಬಗ್ಗಿ ನೋಡಿದಳು. ತೂತಿಗೆ ಕಸ ಕೂತಿರಬೇಕು ಎಂದು ಕಸಬರಿಗೆಯ ಕಡ್ಡಿ ಮುರಿದು ತಂದಳು.

"ಮುಟ್ಟಬ್ಯಾಡ್ರಿ ಅತ್ತಿ," ಎಂದೆ.

"ಅಯ್ಯ, ಬಟ್ಟಲಾ ಮುನಿಸಿಕೊಂಡು ಕೂತದ, ಒಂದೀಟು ಚುಚ್ಚಿದ್ರ ಎದ್ದು ಮುಳಗತದ."

"ಬ್ಯಾಡ್ರಿ. ಅದು ತಾನಾಗಿ ಮುಳಗಲಿ."

ಅಷ್ಟು ಹೇಳಿದೆ ನೋಡಿ, ನನ್ನ ಬಾಯಿಯಿಂದ ಬಂದ ಮಾತು ನನಗೇ ಕೇಳಿಸಿತು. ಆ ನೀಲಿ ಬಣ್ಣ ಕಣ್ಣ ಮುಂದೆ ಬಂತು. ಬೆಳಗಿನಿಂದ ಒಂದೊಂದು ಸಲ ಮುಳುಗಿದಾಗಲೂ ನಗುತ್ತ ಅಡಿಕೆ ಇಟ್ಟವಳು ನಾನು. ಸಮುದ್ರದ ಮೇಲೆ ಬರುತ್ತಿರುವ ತಮ್ಮನಿಗೆ ಯಾರಾದರೂ ಮುಳುಗುವ ಬಟ್ಟಲಿನಿಂದ ಲೆಕ್ಕ ಹಿಡಿಯುತ್ತಾರೆಯೇ? ಎಂಥ ಹುಚ್ಚು ಕೆಲಸ ಮಾಡಿದೆ! ಅಲ್ಲಿಯವರೆಗೆ ಯಾಕೆ ಮುಳುಗುತ್ತಿಲ್ಲ ಎಂದು ಚಡಪಡಿಸುತ್ತಿದ್ದವಳು, ಆ ಕ್ಷಣದಿಂದ ಮುಳುಗದಿರಲಿ ಎಂದು ಬೇಡತೊಡಗಿದೆ. ಹೆಂಚಿನ ಮುಂದೆ ಕೂತೇ ಬೇಡಿದೆ. ತಂದೆ ವೆಂಕಟರಮಣಾ, ಅದನ್ನು ಮೇಲೇ ಇಡು, ಅವನ ಕಾಲು ನೆಲಕ್ಕೆ ಹತ್ತುವತನಕ ಮೇಲೇ ಇಡು, ಎಂದು. ಒಬ್ಬಟ್ಟು ಒಂದೂ ಸೀಯಲಿಲ್ಲ. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು.

ಎಷ್ಟು ಹೊತ್ತು ಹೀಗೆ ಕೂತೆನೋ ತಿಳಿಯದು. ನಮ್ಮವರು ಬೀಗರಿಗೆ ಇನ್ನೊಮ್ಮೆ ಕಾಫಿ ಬೇಕೆಂದು ಹೇಳಲು ಅಡಿಗೆಮನೆಯ ಬಾಗಿಲಿಗೆ ಬಂದರು. ಅವರು ಹೊಸ್ತಿಲ ಮೇಲೆ ನಿಂತಿದ್ದಂತೆಯೇ, ನನ್ನ ಬೆನ್ನ ಹಿಂದೆ ಬುಳಕ್ ಎಂದಿತು.

ತಿರುಗಿ ನೋಡುವ ಧೈರ್ಯವಾಗಲಿಲ್ಲ. ಎಷ್ಟು ಗಂಟೆಯಾಯಿತು ಎಂದು ಕೇಳಿದೆ. ಅವರು ಕಿಸೆಯ ಗಡಿಯಾರ ತೆಗೆದು, ಹನ್ನೆರಡಕ್ಕೆ ಏಳು ನಿಮಿಷ ಕಡಿಮೆ ಎಂದರು. ಕಚೇರಿಯ ಗಡಿಯಾರಕ್ಕೆ ದಿನಾ ಹೊಂದಿಸಿಡುವ ಅವರ ಗಡಿಯಾರ ಅರ್ಧ ನಿಮಿಷವೂ ತಪ್ಪುವುದಲ್ಲ. ಅಲ್ಲಿಗೆ ಹತ್ತನೆಯ ಬಟ್ಟಲು ಒಂದು ತಾಸಿನ ಮೇಲೆ ಹದಿನೇಳು ನಿಮಿಷ ತೇಲಿದ ಹಾಗಾಯಿತು.

ಆಮೇಲಿನ ಐದಾರು ತಾಸು ಹೇಗೆ ಕಳೆದೆ ಎಂದು ಕೇಳಬೇಡಿ. ಹೇಳುವುದಾದರೂ ಯಾರಿಗೆ? ಮನೆ ತುಂಬ ನೆಂಟರು, ಹಾಡು, ಅರಿಷಿಣದ ನೀರು ಎರಚಾಟ. ಗಂಗತ್ತೆ ಮಾತ್ರ ನನ್ನ ಮುಖ ನೋಡಿ ಹಾಸ್ಯ ನಿಲ್ಲಿಸಿದಳು, ಹತ್ತನೆಯ ಅಡಿಕೆಯನ್ನು ತಾನೇ ಎತ್ತಿ ಸಾಲಿಗೆ ಇಟ್ಟಳು. ನಾನು ವತ್ಸಲೆಗೆ ಎಣ್ಣೆ ಹಚ್ಚಿದೆ, ತಲೆ ಬಾಚಿದೆ, ಹೂವಿನ ದಂಡೆ ಕಟ್ಟಿದೆ. ಮಾಮಾನ ವಿಮಾನ ಇಳಿದಿರಬೇಕಲ್ಲ ಅವ್ವಾ ಎಂದು ಅವಳು ಕೇಳಿದಾಗ, ಇಳಿದಿರಬೇಕು ಎಂದೆ. ಸುಳ್ಳೋ ನಿಜವೋ ನನಗೆ ಗೊತ್ತಿರಲಿಲ್ಲ.

ಐದೂಮುಕ್ಕಾಲಿಗೆ ವಾಡೆಯ ಬಾಗಿಲಲ್ಲಿ ಟಾಂಗಾ ನಿಂತಿತು. ಕೈಯಲ್ಲಿ ಒಂದು ಚೀಲ, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡ ಶೀನು ಇಳಿದ. ನಾನು ಮಡಿ ಮರೆತು ಅಂಗಳಕ್ಕೆ ಓಡಿ ಅವನ ಎರಡೂ ಕೈ ಹಿಡಿದುಕೊಂಡೆ. ಅವು ಬೆಚ್ಚಗಿದ್ದವು.

"ಅಕ್ಕಾ, ಅಳೋದು ಆಮ್ಯಾಲೆ ಅಳುವಂತಿ. ಹುಡುಗಿ ಎಲ್ಲೆ? ಹೊಟ್ಟಿ ಹಸದದ, ಉಂಡು ಎತ್ತಲೋ, ಎತ್ತಿ ಉಣಲೋ?"

ಮುಹೂರ್ತಕ್ಕೆ ಅದೇ ಬಟ್ಟಲನ್ನು ಬಿಟ್ಟೆವು. ಪುರೋಹಿತರು ಗಡಿಯಾರವನ್ನೂ ಪಕ್ಕದಲ್ಲಿಟ್ಟುಕೊಂಡಿದ್ದರು. ಇಪ್ಪತ್ತನಾಲ್ಕು ನಿಮಿಷಕ್ಕೆ ಮುಳುಗಿತು, ಹೆಚ್ಚಿಲ್ಲ ಕಡಿಮೆಯಿಲ್ಲ. ಶೀನು ವತ್ಸಲೆಯನ್ನು ಎತ್ತಿಕೊಂಡು ಬಂದ. ಕರಾಚಿಯ ಗೋದಿ ತಿಂದೂ ನೀ ಬಡಕಲಾಗೇ ಉಳಿದಿ, ಬೀಳಿಸೀ ನೋಡು ಎಂದು ಗಂಗತ್ತೆ ಕೂಗಿದಳು. ಬೀಗರೂ ನಕ್ಕರು. ವತ್ಸಲೆ ಅವನ ಭುಜಕ್ಕೆ ಮುಖ ಒತ್ತಿಕೊಂಡಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ.

ಮರುದಿನ ಎಲ್ಲರೂ ಸುತ್ತ ಕೂತಾಗ ಶೀನು ತನ್ನ ಪ್ರಯಾಣ ಹೇಳಿದ. ಮುಂಬಯಿಯ ಮೇಲೆ ಹೊತ್ತಿಗೆ ಸರಿಯಾಗಿಯೇ ಬಂದರಂತೆ. ಆದರೆ ಕೆಳಗೆ ಇಳಿಯುವ ಜಾಗದಲ್ಲಿ ಯಾರದೋ ಸಣ್ಣ ವಿಮಾನ ಗಾಲಿ ಮುರಿದುಕೊಂಡು ಅಡ್ಡ ಕೂತಿತ್ತಂತೆ. ಅದನ್ನು ಎಳೆದು ಹಾಕುವತನಕ ಇವರ ವಿಮಾನ ಸಮುದ್ರದ ಮೇಲೆ ಸುತ್ತಿದ್ದೇ ಸುತ್ತಿದ್ದು. ಮುಂದೆ ಹೋಗುವುದಿಲ್ಲ, ಕೆಳಗೆ ಇಳಿಯುವುದಿಲ್ಲ, ಒಂದೇ ಕಡೆ ತೂಗುಹಾಕಿದ ಹಾಗಿತ್ತು ಎಂದ. ನಾನು ಗಂಗತ್ತೆಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಬಟ್ಟಲಿನ ಸುದ್ದಿಯನ್ನು ಅವಳೇ ಎಲ್ಲರಿಗೂ ಹೇಳಿದಳು.

ನಮ್ಮವರು ಅಳತೆಯ ಮನುಷ್ಯರು, ಇಂಥದ್ದನ್ನು ಬಿಡುವವರಲ್ಲ. ನೆಲ ಮುಟ್ಟಿದಾಗ ಸರಿಯಾಗಿ ಎಷ್ಟು ಗಂಟೆ ಎಂದು ಶೀನುವನ್ನು ಕೇಳಿದರು. ಅವನ ಕೈಗಡಿಯಾರ ನಿಂತುಹೋಗಿತ್ತು. ಪಕ್ಕದ ಆಸನದಲ್ಲಿ ಮುಂಬಯಿಯ ಒಬ್ಬ ಮುದುಕ ಪಾರ್ಸಿ ಇದ್ದರಂತೆ. ಚಕ್ರ ನೆಲಕ್ಕೆ ಬಡಿದಾಗ ಇವನು ಗಾಡಿ ತಪ್ಪಿತೆಂದು ಗಾಬರಿಯಾಗಿ ಅವರನ್ನು ಕೇಳಿದ. ಅವರು ತಮ್ಮ ಬಂಗಾರದ ಗಡಿಯಾರ ನೋಡಿ ಹನ್ನೊಂದು ಹದಿನಾಲ್ಕು ಎಂದಿದ್ದರು. ಅದು ಅವನಿಗೆ ಚೆನ್ನಾಗಿ ನೆನಪಿತ್ತು. ನಮ್ಮವರು ತೊಡೆ ತಟ್ಟಿ ನಕ್ಕರು. ಹನ್ನೊಂದು ಹದಿನಾಲ್ಕಕ್ಕೆ ವಿಮಾನ ಇಳಿದಿದೆ, ನಿನ್ನ ಬಟ್ಟಲು ಮುಳುಗಿದ್ದು ಹನ್ನೆರಡರ ಹತ್ತಿರ, ಎಲ್ಲಿಗೆಲ್ಲಿ ಸಂಬಂಧ, ತೂತಿಗೆ ಹೂರಣದ ಕಣ ಹತ್ತಿತ್ತು, ಅಷ್ಟೇ ಎಂದರು. ನನಗೂ ಹಗುರವಾಯಿತು. ನಿಜ ಹೇಳುತ್ತೇನೆ, ಅದು ಹಾಗೇ ಇದ್ದರೆ ಒಳ್ಳೆಯದು ಎಂದೇ ಅನ್ನಿಸಿತು. ದೇವರು ನನ್ನೊಬ್ಬಳ ಮಾತಿಗೆ ಬಟ್ಟಲು ಹಿಡಿದು ಕೂತ ಎಂದರೆ ನಾಳೆಯಿಂದ ಬಾಯಿ ತೆರೆಯಲೂ ಭಯ. ಎರಡು ದಿನ ಅವರು ನನ್ನನ್ನು ಬಟ್ಟಲಮ್ಮ ಎಂದು ಕರೆದು ಛೇಡಿಸಿದರು.

ಮೂರನೆಯ ದಿನ ಮಧ್ಯಾಹ್ನ ನಮ್ಮವರು, ಶೀನು ಇಬ್ಬರೂ ಊಟಕ್ಕೆ ಕೂತಿದ್ದರು. ನಾನು ಬಡಿಸುತ್ತಿದ್ದೆ. ಶೀನು ಆ ಪಾರ್ಸಿ ಅಜ್ಜನ ಕತೆಯನ್ನೇ ಮುಂದುವರಿಸಿದ. ಪುಣ್ಯಾತ್ಮ ತನ್ನ ಮೋಟಾರಿನಲ್ಲಿ ದಾದರ್ ಸ್ಟೇಶನ್ನಿನವರೆಗೆ ಬಿಟ್ಟುಕೊಟ್ಟರಂತೆ, ಅದಿಲ್ಲದಿದ್ದರೆ ಗಾಡಿ ಸಿಗುತ್ತಿರಲಿಲ್ಲ. ಸ್ಟೇಶನ್ನಿನ ಗಡಿಯಾರ ಅಜ್ಜನ ಗಡಿಯಾರಕ್ಕಿಂತ ಬಹಳ ಮುಂದಿತ್ತು. ಇವನು ಅದನ್ನು ತೋರಿಸಿದರೆ ಅಜ್ಜನಿಗೆ ಸಿಟ್ಟೇ ಬಂತಂತೆ. ಅದು ಸರಕಾರದ ಟೈಮು, ನನಗೆ ಬೇಡ, ನಮ್ಮಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಮುಂಬಯಿ ಟೈಮು ಎಂದು ಗದರಿದರಂತೆ. ಶೀನು ಅವರ ಹಾಗೆ ಮೂಗು ಏರಿಸಿ ತೋರಿಸಿ ನಗುತ್ತಿದ್ದ.

ನಮ್ಮವರ ಕೈ ಎಲೆಯ ಮೇಲೆ ನಿಂತುಬಿಟ್ಟಿತು.

ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ದೇಶಕ್ಕೆಲ್ಲ ಒಂದೇ ಟೈಮು ಬಂದ ಮೇಲೂ ಮುಂಬಯಿಯ ಹಳೆಯ ಜನ ತಮ್ಮ ಊರಿನ ಟೈಮು ಬಿಟ್ಟಿರಲಿಲ್ಲ. ಅದು ಸರಕಾರದ ಟೈಮಿಗಿಂತ ಮೂವತ್ತೊಂಬತ್ತು ನಿಮಿಷ ಹಿಂದೆ. ನಮ್ಮವರಿಗೆ ಇದು ಚೆನ್ನಾಗಿ ಗೊತ್ತಿತ್ತು, ಹೊಳೆದಿರಲಿಲ್ಲ ಅಷ್ಟೆ. ಹನ್ನೊಂದು ಹದಿನಾಲ್ಕಕ್ಕೆ ಮೂವತ್ತೊಂಬತ್ತು ಕೂಡಿಸುವುದಕ್ಕೆ ಭೂಪಟ ಬೇಕಿಲ್ಲ, ದಾರ ಬೇಕಿಲ್ಲ.

ಅವರು ಎಲೆಯಿಂದ ತಲೆ ಎತ್ತಿ ನನ್ನನ್ನು ಕೇಳಿದರು, "ಅವತ್ತ ನಾ ಎಷ್ಟು ಅಂದಿದ್ದೆ?"

"ಹನ್ನೆರಡಕ್ಕ ಏಳು ಕಡಿಮಿ ಅಂದಿದ್ರಿ."

"ಹೌದು. ನಾನ ಅಂದಿದ್ದೆ."

ಆಮೇಲೆ ಅವರು ಬಟ್ಟಲಮ್ಮ ಎನ್ನಲಿಲ್ಲ. ಆ ವಾರವೆಲ್ಲ ಕಚೇರಿಯಿಂದ ಬಂದೊಡನೆ ಬಟ್ಟಲನ್ನು ನೀರಿಗೆ ಬಿಟ್ಟು ಎದುರಿಗೆ ಗಡಿಯಾರ ಹಿಡಿದು ಕೂತರು. ತಣ್ಣೀರಲ್ಲಿ ನೋಡಿದರು, ಬಿಸಿನೀರಲ್ಲಿ ನೋಡಿದರು, ತೂತಿಗೆ ಹೂರಣ ಮೆತ್ತಿಯೂ ನೋಡಿದರು. ಹೂರಣ ಮೆತ್ತಿದರೆ ಬಟ್ಟಲು ನಿಲ್ಲುತ್ತಿತ್ತು, ನಿಜ. ಆದರೆ ಕಣ ಕರಗುವುದು ಒಂದು ಸಲ ಅರ್ಧ ತಾಸಿಗೆ, ಇನ್ನೊಂದು ಸಲ ಮೂರು ತಾಸಿಗೆ. ಹಾಗಾದರೆ ಅವತ್ತು ಯಾಕೆ ಆ ನಿಮಿಷಕ್ಕೇ? ಪುರೋಹಿತರನ್ನು ಕೇಳಿದಾಗ, ಇದ್ದೀತು ತಾಯಿ ಎಂದು ಇನ್ನರ್ಧ ಲೋಟ ಕಾಫಿ ಕೇಳಿದರು. ಇಷ್ಟು ವರ್ಷವಾದರೂ ನನಗೂ ಅದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ. ಕಣ ಹತ್ತಿದ್ದೂ ಇದ್ದೀತು, ದೇವರು ಕೇಳಿದ್ದೂ ಇದ್ದೀತು. ನನ್ನ ತಮ್ಮ ಬಂದ, ಮಗಳನ್ನು ಎತ್ತಿಕೊಂಡ, ಮೂರು ದಿನ ಕೂತು ನನ್ನ ಕೈಯಡಿಗೆ ಉಂಡ. ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಆ ಮಧ್ಯಾಹ್ನ ಇಬ್ಬರಿಗೂ ಮಜ್ಜಿಗೆ ಬಡಿಸಿ, ಎಲೆ ತೆಗೆದು, ಉಂಡ ಜಾಗಕ್ಕೆ ಸೆಗಣಿಯ ಗೋಮೆ ಹಚ್ಚಿ ನಾನು ಹಿತ್ತಿಲಿಗೆ ಹೋದೆ. ಮದುವೆಗೆಂದು ವಾಡೆಯ ಹನ್ನೆರಡು ಮನೆಗಳಿಂದ ಎರವಲು ತಂದ ಕೊಳಗ, ಪರಾತ, ಸೌಟುಗಳು ಅಲ್ಲಿ ರಾಶಿ ಬಿದ್ದಿದ್ದವು. ಸಂಜೆಯೊಳಗೆ ಅವು ಅವರವರ ಮನೆ ಸೇರಬೇಕಿತ್ತು. ಹುಣಸೆಹಣ್ಣು, ಬೂದಿ ತೆಗೆದುಕೊಂಡು, ದೊಡ್ಡ ಕೊಳಗವನ್ನು ಮೊದಲು ಎಳೆದು ತಿಕ್ಕಲು ಕೂತೆ.